ಯಂತ್ರಕ್ಕೆ ಕೊಬ್ಬರಿ ಕಲಿಸಿದವಳು

ಮರುಳಪ್ಪನ ಕೊಬ್ಬರಿ ಮಂಡಿಗೆ ಯಂತ್ರ ಬಂದ ದಿನ ರುಕ್ಮಿಣಮ್ಮ ಅದನ್ನು ಒಂದು ಸಲ ಉದ್ದಕ್ಕೂ ನೋಡಿ, ಹೊರಗೆ ಹೋಗಿ ಎಲೆಯಡಿಕೆ ಉಗಿದು ಬಂದು, ಪಕ್ಕದಲ್ಲಿ ನಿಂತಿದ್ದ ಸಣ್ಣತಾಯಮ್ಮನನ್ನು ಕೇಳಿದಳು: "ಯಾರ್ದೇ ಹೆಣ ಇದು?"

ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಳುದ್ದದ ಕಪ್ಪು ಪೆಟ್ಟಿಗೆ, ಅದರ ಮೇಲೊಂದು ಚೆಂಡುಹೂವಿನ ಹಾರ, ತಲೆಯ ಕಡೆ ಊದುಬತ್ತಿ, ಸುತ್ತ ಕೈಕಟ್ಟಿ ನಿಂತ ಗಂಡಸರು. ನಡುವೆ ಮರುಳಪ್ಪ ಇಸ್ತ್ರಿ ಪಂಚೆ ಉಟ್ಟು, ಮೂರು ಬೆರಳು ವಿಭೂತಿ ಬಳಿದುಕೊಂಡು, ಆಗಷ್ಟೇ ಎಲೆಕ್ಷನ್ ಗೆದ್ದವನ ಹಾಗೆ ನಗುತ್ತಿದ್ದ. ಅರಸೀಕೆರೆಯ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಇಪ್ಪತ್ತು ಮಂಡಿಗಳಿದ್ದವು. ಇಪ್ಪತ್ತರಲ್ಲಿ ಒಂದಕ್ಕೂ ಇಂಥ ಯಂತ್ರ ಬಂದಿರಲಿಲ್ಲ. ಎರಡು ಸಾವಿರದ ಎಂಟನೇ ಇಸವಿಯ ಬೇಸಗೆಯಲ್ಲಿ ಮರುಳಪ್ಪನಿಗೆ ಅದಕ್ಕಿಂತ ದೊಡ್ಡ ಸುಖ ಬೇರೆ ಬೇಕಾಗಿರಲಿಲ್ಲ.

"ಇದು ಹೈಪರ್‌ಸ್ಪೆಕ್ಟ್ರಲ್ ಇಮೇಜಿಂಗ್" ಎಂದು ಯಂತ್ರದ ಜೊತೆ ಬೆಂಗಳೂರಿನಿಂದ ಬಂದಿದ್ದ ಎಂಜಿನಿಯರ್ ಭಾನುಪ್ರಿಯಾ ಹೇಳಿದಳು. ಮಂಡಿಯ ಗುಮಾಸ್ತ ತಿಮ್ಮೇಶ್ ಅದನ್ನು ಕೂಡಲೇ "ಹೈಪರ್ ಸ್ಪೆಷಲ್" ಮಾಡಿಕೊಂಡು, ಬಂದಬಂದವರಿಗೆಲ್ಲ ತಾನೇ ಕಂಡುಹಿಡಿದವನಂತೆ ವಿವರಿಸತೊಡಗಿದ. ಬೆಲ್ಟಿನ ಮೇಲೆ ಕೊಬ್ಬರಿಯ ಹೋಳುಗಳನ್ನು ಅಂಗಾತ ಇಟ್ಟರೆ ಅವು ಸಾಲಾಗಿ ಪೆಟ್ಟಿಗೆಯ ಹೊಟ್ಟೆಯೊಳಗೆ ಹೋಗುತ್ತವೆ. ಒಳಗೆ ಕಣ್ಣು ಕುಕ್ಕುವ ದೀಪಗಳ ಕೆಳಗೆ ಒಂದು ಕ್ಯಾಮೆರಾ ನೋಡುತ್ತದೆ. ಹೊರಗಿನ ಕಂಪ್ಯೂಟರ್ ಪರದೆಯ ಮೇಲೆ ಒಂದನೇ ನಂಬರ್ ಮಾಲು ಹಸಿರಾಗಿ, ಎರಡನೇದು ಹಳದಿಯಾಗಿ, ಒಳಗಿನ ಎಣ್ಣೆ ಕೆಟ್ಟು ಕೌಟು ಹಿಡಿದು ಗಾಣಕ್ಕೆ, ಎಣ್ಣೆಗೆ ಹೋಗಬೇಕಾದ್ದು ಕೆಂಪಾಗಿ ಕಾಣುತ್ತದೆ. ಕೆಂಪು ಬಂದರೆ ಕೊನೆಯಲ್ಲಿ ಗಾಳಿ 'ಉಸ್' ಎಂದು ಊದಿ ಅದನ್ನು ಬೇರೆ ಬುಟ್ಟಿಗೆ ಬೀಳಿಸುತ್ತದೆ. ಮೂರು ತಿಂಗಳು ಇಟ್ಟುಕೊಂಡು ನೋಡುವುದು, ಒಪ್ಪಿಗೆಯಾದರೆ ಕೊಳ್ಳುವುದು. ಇದು ಮರುಳಪ್ಪನಿಗೂ ಕಂಪನಿಗೂ ಆಗಿದ್ದ ಮಾತು.

"ನಿಮ್ ಕೆಲ್ಸ ಎಲ್ಲೂ ಹೋಗಲ್ಲ ಕಣ್ರಮ್ಮಾ" ಎಂದು ಮರುಳಪ್ಪ ಆರಿಸುವ ಹೆಂಗಸರ ಕಡೆ ತಿರುಗಿ ಹೇಳಿದ. "ನಿಮ್ಗೆ ಸುಲಭ ಆಗ್ಲಿ ಅಂತ್ಲೇ ತರ್ಸಿರೋದು."

"ನಮ್ ಸುಲಭಕ್ಕೆ ಯಜಮಾನ್ರು ಇಷ್ಟೊಂದು ಕಷ್ಟ ಪಟ್ರಾ" ಎಂದಳು ರುಕ್ಮಿಣಮ್ಮ, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಮರುಳಪ್ಪ ಕೇಳಿಸಲಿಲ್ಲವೆಂಬಂತೆ ಮಂಗಳಾರತಿ ತೆಗೆದುಕೊಂಡ.

ಅವಳ ಬಾಯಿಗೆ ಮಂಡಿಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ಕಣಕಟ್ಟೆಯಿಂದ ಬೆಳಗಿನ ಬಸ್ಸಿಗೆ ಬಂದು ಇಪ್ಪತ್ತೇಳು ವರ್ಷದಿಂದ ಕೊಬ್ಬರಿ ಆರಿಸುತ್ತಿದ್ದವಳು. ಹೋಳನ್ನು ಅಂಗೈಗೆ ಹಾಕಿಕೊಂಡು, ಒಮ್ಮೆ ನೋಡಿ, ಹೆಬ್ಬೆಟ್ಟಿನಿಂದ ಒಮ್ಮೆ ಒತ್ತಿ, ಮೂಗಿನ ಹತ್ತಿರ ಒಮ್ಮೆ ಸುಳಿಸಿ "ಒಂದು", "ಎರಡು", "ಎಣ್ಣೆಗೆ" ಎಂದು ಎಸೆಯುತ್ತ ಹೋದರೆ, ಉಸಿರು ಬಿಟ್ಟಷ್ಟು ಹೊತ್ತೂ ಒಂದೊಂದಕ್ಕೆ ಹಿಡಿಯುತ್ತಿರಲಿಲ್ಲ. ಅವಳು ಒಂದು ಎಂದದ್ದನ್ನು ಉತ್ತರದ ಸೇಠುಗಳು ಮೂಟೆ ಬಿಚ್ಚಿ ನೋಡುತ್ತಲೂ ಇರಲಿಲ್ಲ.

ಹಾರ ಬಾಡುವ ಮೊದಲೇ ಯಂತ್ರದ ಬಂಡವಾಳ ಹೊರಬಿತ್ತು. ಭಾನುಪ್ರಿಯಾ ಹೆಂಗಸರ ಬಳಿ ಬಂದು, "ಇಲ್ಲಿ ಎಲ್ಲರಿಗಿಂತ ಚೆನ್ನಾಗಿ ಆರಿಸೋರು ಯಾರು?" ಎಂದು ಕೇಳಿದಳು. ಉಳಿದ ಹದಿಮೂರು ಹೆಂಗಸರೂ ರುಕ್ಮಿಣಮ್ಮನ ಕಡೆ ಕೈತೋರಿಸಿದರು. ಹುಡುಗಿ ಜೀನ್ಸ್ ಪ್ಯಾಂಟನ್ನು ಲೆಕ್ಕಿಸದೆ ರುಕ್ಮಿಣಮ್ಮನ ಪಕ್ಕದ ಗೋಣಿತಾಟಿನ ಮೇಲೆ ಕುಳಿತಳು.

"ಇದಕ್ಕೆ ಇನ್ನೂ ಏನೂ ಗೊತ್ತಿಲ್ಲ ಅಮ್ಮಾ. ನೀವು ಹೇಳಿಕೊಡ್ಬೇಕು. ನೀವು ಒಂದೊಂದು ಹೋಳನ್ನೂ ನೋಡಿ ಯಾವ ನಂಬರ್ ಅಂತ ಹೇಳಿದ್ರೆ, ನಾನು ಅದಕ್ಕೆ ತೋರಿಸಿ ಕಲಿಸ್ತೀನಿ."

"ಏನೂ ಗೊತ್ತಿಲ್ಲದ್ದಕ್ಕೆ ಹಾರ ಹಾಕವ್ರಾ?" ರುಕ್ಮಿಣಮ್ಮ ಹುಬ್ಬೇರಿಸಿದಳು. "ಇರ್ಲಿ ಬಿಡು. ನಮ್ ಕಡೆ ಹಾರ ಬೀಳೋದು ಅಂತೋರ್ಗೇಯ."

ಆದರೂ ಕಲಿಸಿದಳು. ಮೂರು ವಾರ, ದಿನಕ್ಕೆ ನೂರೈವತ್ತು ಹೋಳು. ಭಾನುಪ್ರಿಯಾ ಒಂದೊಂದಕ್ಕೂ ಚೀಟಿ ಅಂಟಿಸಿ ಬೆಲ್ಟಿಗೆ ಇಡುತ್ತಿದ್ದಳು. ಕರೆಂಟು ಹೋದರೆ ಪೆಟ್ಟಿಗೆ ಮಲಗಿಬಿಡುತ್ತಿತ್ತು. ಬಂದ ಮೇಲೂ ದೀಪ ಕಾದು ಹದಕ್ಕೆ ಬರಲು ಅರ್ಧ ಗಂಟೆ. "ಎದ್ದಿತಾ ನಿಮ್ ಹೊಸ ಅಳಿಯ? ಕಾಫಿ ಆಯ್ತಾ?" ಎಂದು ರುಕ್ಮಿಣಮ್ಮ ಪ್ರತಿ ಸಲ ಕೇಳುವಳು. ಹೆಂಗಸರ ಸಾಲು ನಗುವುದು. ತಿಮ್ಮೇಶನಿಗೆ ಮಾತ್ರ ಸಿಟ್ಟು ಬರುವುದು, ಯಂತ್ರ ಅವನ ಹೆತ್ತಮಗುವೋ ಎಂಬಂತೆ.

"ನಮ್ಮ ಕಣ್ಣು ಬರೀ ಮೂರು ಬಣ್ಣದಲ್ಲಿ ಲೋಕ ನೋಡುತ್ತೆ ಅಮ್ಮಾ" ಎಂದು ಒಂದು ದಿನ ಭಾನುಪ್ರಿಯಾ ವಿವರಿಸಲು ನೋಡಿದಳು. "ಇದು ಬೆಳಕನ್ನ ಇನ್ನೂರು ಎಳೆಯಾಗಿ ಸೀಳಿ ನೋಡುತ್ತೆ. ಕೆಂಪಿನಿಂದಾಚೆ ನಮಗೆ ಕಾಣದ ಬೆಳಕಿದೆಯಲ್ಲ, ಅದೂ ಇದಕ್ಕೆ ಕಾಣುತ್ತೆ. ಕೊಬ್ಬರಿಯಲ್ಲಿ ನೀರೆಷ್ಟಿದೆ, ಎಣ್ಣೆ ಕೆಟ್ಟಿದೆಯಾ, ಎಲ್ಲಕ್ಕೂ ಅಲ್ಲಿ ಬೇರೆಬೇರೆ ಗುರುತು ಸಿಗುತ್ತೆ."

"ಕಣ್ಣೆದುರಿಗಿರೋ ಬೂಷ್ಟು ನೋಡಕ್ಕೆ ಕಾಣದ ಬೆಳಕು ಬೇಕಾ? ಒಂದು ಮೂಗು ಮಡಗ್ಸು ಅದಕ್ಕೆ, ಸಾಕು."

"ಮೂಗಿಲ್ಲವಲ್ಲಮ್ಮಾ, ಅದಕ್ಕೇ ಅಷ್ಟೊಂದು ಕಣ್ಣು."

ರುಕ್ಮಿಣಮ್ಮನಿಗೆ ಆ ಉತ್ತರ ಹಿಡಿಸಿತು. ಹಿಡಿಸಿದ್ದನ್ನು ಮುಖದಲ್ಲಿ ತೋರಿಸಲಿಲ್ಲ, ಅಷ್ಟೆ. ಭಾನುವಾರ ಹಳೇಬೀಡು ನೋಡಿಬರುತ್ತೇನೆಂದು ಹುಡುಗಿ ಹೊರಟಾಗ, "ಪಕ್ಕದ ಬಸ್ತಿಹಳ್ಳಿ ನನ್ ತೌರು. ಬಸದಿ ಒಳಗೆ ಹೋಗಿ ಕನ್ನಡಿ ಹಂಗೆ ಹೊಳೆಯೋ ಕಂಬದಾಗೆ ನಿನ್ ಮುಖ ನೋಡ್ಕೊಂಡ್ ಬಾ. ಆ ಕಲ್ಲಿಗೆ ಯಾರೂ ಏನೂ ಕಲಿಸಿಲ್ಲ, ಎದುರಿಗೆ ನಿಂತೋರ್ನ ಇದ್ದಂಗೇ ತೋರಿಸ್ತದೆ" ಎಂದು ಹೇಳಿಯೂ ಕಳಿಸಿದಳು.

ಮೂರು ವಾರದ ಮೇಲೆ ಪರೀಕ್ಷೆ. ರುಕ್ಮಿಣಮ್ಮ ಆರಿಸಿ ಗುಟ್ಟಾಗಿ ಬರೆಸಿಟ್ಟ ನೂರು ಹೋಳುಗಳನ್ನು ಯಂತ್ರಕ್ಕೆ ಕೊಟ್ಟರು. ತೊಂಬತ್ತಮೂರರಲ್ಲಿ ಇಬ್ಬರದೂ ಒಂದೇ ಮಾತು. ಉಳಿದ ಏಳನ್ನು ರುಕ್ಮಿಣಮ್ಮ ಮತ್ತೆ ಕೈಗೆ ತೆಗೆದುಕೊಂಡಳು. ಒತ್ತಿದಳು, ಮೂಸಿದಳು, ಚೂರು ಮುರಿದು ನಾಲಿಗೆಗೆ ಹಾಕಿಕೊಂಡಳು. ಮಂಡಿಯೆಲ್ಲ ಅವಳ ಬಾಯನ್ನೇ ನೋಡುತ್ತಿತ್ತು.

"ನಾಕ್ರಲ್ಲಿ ಅದು ದಡ್ಡು" ಎಂದಳು ಕೊನೆಗೆ. ಆಮೇಲೆ ಉಳಿದ ಮೂರನ್ನು ಪಕ್ಕಕ್ಕಿಟ್ಟು, "ಮೂರ್ರಲ್ಲಿ ನಾನು" ಎಂದಳು.

ಅದರ ಮಾರನೇ ವಾರ ಮರುಳಪ್ಪ ಹಿಂದಿನ ಗೋಡೌನಿನ ಮೂಟೆಗಳನ್ನು ತರಿಸಿ ಯಂತ್ರಕ್ಕೆ ಹಾಕಿಸಿದ. ಮಲ್ಲಿಗೆಯಷ್ಟು ಬೆಳ್ಳಗಿನ ಹೋಳುಗಳು. ಬೆಲ್ಟು ತಿರುಗಿತು. ಪರದೆಯ ಮೇಲೆ ಒಂದು ಕೆಂಪು, ಇನ್ನೊಂದು ಕೆಂಪು, ಮತ್ತೊಂದು ಕೆಂಪು. ಗಾಳಿ ಉಸ್ ಉಸ್ ಎಂದು ಬಿಡುವಿಲ್ಲದೆ ಊದಿತು. ಮೂಟೆಗೆ ಮೂಟೆಯೇ ಎಣ್ಣೆಯ ಬುಟ್ಟಿಗೆ ಹೋಯಿತು. ಹಸಿರಿನ ಬುಟ್ಟಿಯಲ್ಲಿ ಎರಡೇ ಎರಡು ಹೋಳು ಬಿದ್ದಿದ್ದವು.

"ನಿಲ್ಸೇ! ನಿಲ್ಸಮ್ಮಾ ಇದನ್ನ!" ಮರುಳಪ್ಪ ಕೂಗಿದ. "ಇಷ್ಟು ಬೆಳ್ಳಗಿರೋ ಮಾಲ್ನ ಕೌಟು ಅಂತದಲ್ಲ, ಇನ್ನೂರು ಕಣ್ಣಿರೋ ಕುರುಡು! ರುಕ್ಮಿಣಮ್ಮಾ, ಬಾ ಇಲ್ಲಿ. ಹೇಳು ಇವಳಿಗೆ, ಇದು ಒಂದನೇ ನಂಬರ್ ಹೌದೋ ಅಲ್ವೋ?"

ರುಕ್ಮಿಣಮ್ಮ ಒಂದು ಹೋಳು ಎತ್ತಿಕೊಂಡಳು. ನೋಡಿದಳು. ಮೂಗಿನ ಹತ್ತಿರ ತರಲಿಲ್ಲ.

ತರುವ ಅಗತ್ಯವಿರಲಿಲ್ಲ. ಆರು ವರ್ಷದಿಂದ ಅವಳಿಗೆ ಗೊತ್ತಿತ್ತು. ಮಳೆಗೆ ನೆನೆದು ಬೂಷ್ಟು ಹಿಡಿದ ಕೊಬ್ಬರಿಯನ್ನು ಮರುಳಪ್ಪ ಅಗ್ಗಕ್ಕೆ ಹಿಡಿಯುತ್ತಿದ್ದ. ಹಿಂದಿನ ಗೋಡೌನಿನ ಬಾಗಿಲು ಹಾಕಿ ಗಂಧಕದ ಹೊಗೆ ಕೊಡಿಸುತ್ತಿದ್ದ. ಹೊಗೆ ತಿಂದ ಕೊಬ್ಬರಿ ಬೆಳ್ಳಗಾಗುತ್ತಿತ್ತು. ನಾಲ್ಕು ದಿನ ಗಾಳಿಗೆ ಹರಡಿದರೆ ಗಂಧಕದ ನಾತವೂ ಅರ್ಧ ಹೋಗುತ್ತಿತ್ತು. ಆ ಮೂಟೆಗಳು ಮುಂದೆ ಬಂದ ದಿನ ಇಡೀ ಅರಸೀಕೆರೆಯನ್ನು ಮೂದಲಿಸುವ ರುಕ್ಮಿಣಮ್ಮ ಬಾಯಿ ಬಿಡುತ್ತಿರಲಿಲ್ಲ. ಹೋಳನ್ನು ಮೂಸದೆ, ಬರೀ ನೋಡಿ, "ಒಂದು" ಎಂದು ಎಸೆಯುತ್ತಿದ್ದಳು. ನೋಡಿದ್ದಷ್ಟೇ ಹೇಳಿದೆ, ಸುಳ್ಳೇನು ಹೇಳಿದೆ ಎಂದು ತನಗೆ ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಈಗ ಮೂಗೇ ಇಲ್ಲದ ಪೆಟ್ಟಿಗೆಯೊಂದು ಅವಳು ಮೂಸದೆ ಬಿಟ್ಟದ್ದನ್ನೆಲ್ಲ ಮೂಸಿ ಹೊರಗೆ ಹಾಕಿತ್ತು. ಅದೂ ಅವಳೇ ಕಲಿಸಿದ ಪೆಟ್ಟಿಗೆ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ಗಂಧಕ ಹಾಕಿದಾರೆ ಅನ್ಸುತ್ತೆ" ಎಂದಳು ಭಾನುಪ್ರಿಯಾ, ಮೆಲ್ಲಗೆ, ಪರದೆ ನೋಡುತ್ತ. "ಮೇಲೆ ಬೆಳ್ಳಗಾಗಿದೆ ಸರ್. ಆದ್ರೆ ಒಳಗೆ ಕೆಟ್ಟಿರೋ ಎಣ್ಣೆ ಕೆಟ್ಟಂಗೇ ಇದೆ. ಕಾಣೋ ಬಣ್ಣ ಬದಲಾಗಿದೆ, ಆಚೆ ಕಡೆ ಬೆಳಕಲ್ಲಿ ಏನೂ ಬದಲಾಗಿಲ್ಲ."

ಮರುಳಪ್ಪನ ಮುಖದಿಂದ ವಿಭೂತಿಯೊಂದನ್ನು ಬಿಟ್ಟು ಉಳಿದ ಕಳೆಯೆಲ್ಲ ಇಳಿಯಿತು. ಕೂಗಾಟ ನಿಲ್ಲಿಸಿ, ಕುರ್ಚಿ ಎಳೆದುಕೊಂಡು ಕುಳಿತು, ವ್ಯಾಪಾರದ ದನಿಯಲ್ಲಿ ಹೇಳಿದ: "ನೋಡಮ್ಮಾ, ಅದಕ್ಕೆ ಪಾಠ ಸರಿಯಾಗಿ ಆಗಿಲ್ಲ. ಇನ್ನೊಂದ್ಸಲ ಕಲ್ಸು. ಈ ಮೂಟೆಗಳನ್ನೇ ತೋರ್ಸು. ರುಕ್ಮಿಣಮ್ಮ ಕೂತು ಒಂದನೇ ನಂಬರ್ ಅಂತ ಹೇಳ್ತಾಳೆ. ಕಲಿಸಿದ್ದನ್ನ ತಾನೆ ಅದು ಹೇಳೋದು?"

ಭಾನುಪ್ರಿಯಾ ರುಕ್ಮಿಣಮ್ಮನನ್ನು ನೋಡಿದಳು. ರುಕ್ಮಿಣಮ್ಮ ಗೋಣಿತಾಟಿನ ಮೇಲೆ ಹೋಗಿ ಕುಳಿತಳು. ಹುಡುಗಿ ಮೊದಲನೆಯ ಬಿಳಿ ಹೋಳನ್ನು ಮುಂದೆ ಹಿಡಿದಳು. "ಇದು ಅಮ್ಮಾ?"

ರುಕ್ಮಿಣಮ್ಮ ಅದನ್ನು ತೆಗೆದುಕೊಂಡು ಮೂಗಿಗೆ ಹಿಡಿದಳು, ಎಲ್ಲರಿಗೂ ಕಾಣುವ ಹಾಗೆ. "ಎಣ್ಣೆಗೆ."

"ಇದು?"

"ಎಣ್ಣೆಗೆ."

"ಏಯ್ ರುಕ್ಮಿಣಮ್ಮ!" ಮರುಳಪ್ಪ ಎದ್ದು ನಿಂತ. "ಆರು ವರ್ಷದಿಂದ ಒಂದು ಅಂತಿದ್ದೋಳಿಗೆ ಇವತ್ತೇನಾಯ್ತು?"

"ಆರು ವರ್ಷ ಕತ್ತೆ ಕಾದಿದ್ದೆ ಯಜಮಾನ್ರೆ. ಇವತ್ತು ಮೂಗಿಲ್ಲದ ಈ ಪೆಟ್ಟಿಗೆ ಕತ್ತೇನೇ ನನ್ನ ನಾಚಿಸ್ತು." ಅವಳು ಹೋಳನ್ನು ಮುರಿದು ಅರ್ಧ ಅವನ ಮುಂದೆ ಹಿಡಿದಳು. "ತಕಳಿ. ಇದನ್ನ ನೀವು ಅಗ್ದು ನುಂಗಿ. ನುಂಗಿದ್ರೆ ಗೋಡೌನಿನಾಗಿರೋದನ್ನೆಲ್ಲ ಒಂದು ಅಂತೀನಿ."

ಮರುಳಪ್ಪ ಆ ತುಂಡನ್ನು ನೋಡಿದ, ಸುತ್ತ ನಿಂತವರನ್ನು ನೋಡಿದ. ಕೊನೆಗೆ ತಿಮ್ಮೇಶನನ್ನು ನೋಡಿದ. "ತಿನ್ಲಾ ನೀನು."

ತಿಮ್ಮೇಶ್ ತಿಂದ. ಮೊದಲ ಎರಡು ಸಲ ಅಗಿಯುವಾಗ ನಗುತ್ತಲೇ ಇದ್ದ. ಮೂರನೆಯದಕ್ಕೆ ನಗು ನಿಂತಿತು. ಐದನೆಯದಕ್ಕೆ ಕಣ್ಣಲ್ಲಿ ನೀರು ಬಂತು. ಆದರೂ ನುಂಗಿ, ಶರಟಿನ ತೋಳಿನಿಂದ ಬಾಯಿ ಒರೆಸಿಕೊಂಡು, "ಫಸ್ಟ್ ಕ್ಲಾಸ್ ಸರ್" ಎಂದ. ಇಂಥ ನಿಷ್ಠೆಯನ್ನು ನಾಯಿಯಲ್ಲೂ ನೋಡಿಲ್ಲ, ನಾಯಿಯಾದರೆ ಮೊದಲು ಮೂಸಿ ನೋಡುತ್ತದೆ ಎಂದುಕೊಂಡಳು ರುಕ್ಮಿಣಮ್ಮ.

"ಇನ್ಮೇಲೆ ತಿಮ್ಮೇಶ್ ಕಲಿಸ್ತಾನೆ" ಎಂದ ಮರುಳಪ್ಪ. "ನೀನು ನಾಳೆಯಿಂದ ಬರೋದು ಬೇಡ."

ರುಕ್ಮಿಣಮ್ಮ ಸೀರೆಗೆ ಅಂಟಿದ ಕೊಬ್ಬರಿ ಹುಡಿ ಕೊಡವಿಕೊಂಡು ಎದ್ದಳು. ಭಾನುಪ್ರಿಯಾ ಮೊಬೈಲು ಕಿವಿಗಿಟ್ಟುಕೊಂಡು ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಳು. ಮಾತೆಲ್ಲ ಅತ್ತ ಕಡೆಯವರದೇ. ಇವಳದು ಬರೀ "ಓಕೆ ಸರ್", "ಓಕೆ ಸರ್". ಫೋನು ಇಟ್ಟ ಮೇಲೆ ರುಕ್ಮಿಣಮ್ಮನ ಮುಖ ನೋಡಲಾಗದೆ ನೆಲ ನೋಡಿದಳು.

"ನಮ್ಮ ಕಂಪನಿಗೆ ಇದೇ ಮೊದಲನೇ ಗಿರಾಕಿ ಅಮ್ಮಾ. ಅವರು ಹೇಳಿದಂತೆ ಮಾಡಿಕೊಡು ಅಂತ ನಮ್ಮ ಬಾಸ್ ಹೇಳ್ತಿದಾರೆ. ಮಾಡದಿದ್ರೆ ನನ್ನ ಕೆಲಸ ಹೋಗುತ್ತೆ."

"ನಂದು ಹೋಯ್ತಲ್ಲ" ಎಂದಳು ರುಕ್ಮಿಣಮ್ಮ. "ಏನಾತು ಈಗ? ನಿಂತಿಲ್ವಾ ನಾನು?"

ಹುಡುಗಿಯ ಕಣ್ಣು ತುಂಬಿತು. "ನೀವು ಕಲಿಸಿದ್ದನ್ನ ಅಳಿಸಿಲ್ಲಮ್ಮಾ. ಒಂದು ಸಿಡಿಯಲ್ಲಿ ಬೇರೆ ಇಟ್ಕೊಂಡಿದೀನಿ. ನಿಮ್ಮ ಹೆಸರಲ್ಲೇ ಇದೆ."

"ಇಟ್ಕೋ ಇಟ್ಕೋ. ಡಬ್ಬಿ ಮುಚ್ಚಳ ಭದ್ರವಾಗಿ ಹಾಕು. ಕೌಟು ಹಿಡ್ದಾತು."

ಮಾತು ತೀರ ಚುಚ್ಚಿತೇನೋ ಎಂದು ಬಸ್ಸಿನಲ್ಲಿ ಕುಳಿತ ಮೇಲೆ ಅವಳಿಗೆ ಅನ್ನಿಸಿತು. ಆ ಹುಡುಗಿಗಿಂತ ಇಪ್ಪತ್ತು ವರ್ಷ ದೊಡ್ಡವಳಾಗಿದ್ದೂ ತಾನೇ ಆರು ವರ್ಷ ಮೂಗು ಮುಚ್ಚಿಕೊಂಡು ಕುಳಿತಿರಲಿಲ್ಲವೇ? ಆದರೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ.

ತಿಮ್ಮೇಶ್ ನಾಲ್ಕು ದಿನದಲ್ಲಿ ಪಾಠ ಮುಗಿಸಿದ. ಶ್ರಾವಣದಲ್ಲಿ ಮರುಳಪ್ಪ ಹೊರಗಿನ ವ್ಯಾಪಾರಿಗಳನ್ನು ಕರೆಸಿ, ಬೇಲೂರು ಹಳೇಬೀಡು ತೋರಿಸಿ, ಮಧ್ಯಾಹ್ನ ಮಂಡಿಗೆ ಕರೆತಂದು ಯಂತ್ರ ಓಡಿಸಿದ. ಪರದೆಯ ತುಂಬ ಹಸಿರು. ಹಿಂದೆ ರುಕ್ಮಿಣಮ್ಮನ ಮಾತು ನಂಬಿ ಮೂಟೆ ಬಿಚ್ಚದಿದ್ದ ಸೇಠುಗಳು ಈಗ ಪರದೆಯನ್ನು ನಂಬಿ ಬಿಚ್ಚಲಿಲ್ಲ. ಮರುಳಪ್ಪ ಯಂತ್ರ ಕೊಂಡ. ಹದಿಮೂರು ಹೆಂಗಸರಲ್ಲಿ ನಾಲ್ವರನ್ನು ಇಟ್ಟುಕೊಂಡು ಉಳಿದವರಿಗೆಲ್ಲ ಸುಲಭ ಮಾಡಿದ. ಆ ನಾಲ್ವರ ಕೆಲಸ ಬೆಲ್ಟಿನ ಮೇಲೆ ಹೋಳನ್ನು ಅಂಗಾತ ಇಡುವುದು.

ಆ ನಾಲ್ವರಲ್ಲಿ ಒಬ್ಬಳಾದ ಸಣ್ಣತಾಯಮ್ಮ ಸಂಜೆಯ ಬಸ್ಸಿಳಿದು ಸುದ್ದಿ ಹೇಳಲು ಬರುವಳು. "ಗಡ್ಡ ಬಿಟ್ಟಿರೋ ಬೂಷ್ಟಿಂದನ್ನೂ ಒಂದನೇ ನಂಬರ್ ಅಂತೈತೆ ಕಣಕ್ಕಾ!"

"ತಿಮ್ಮೇಶನ ಶಿಷ್ಯ ಅಲ್ವೇನೇ. ಗುರು ತಿಂದಿದ್ದನ್ನ ಶಿಷ್ಯ ಬ್ಯಾಡ ಅಂತಾನಾ?"

ರುಕ್ಮಿಣಮ್ಮ ಸುಮ್ಮನೆ ಕೂರಲಿಲ್ಲ. ಕಣಕಟ್ಟೆಯಲ್ಲೇ ತೆಂಗಿನ ತೋಟವಿದ್ದ ಜವರಪ್ಪ ತನ್ನ ಕಣದ ಪಕ್ಕದ ಚಪ್ಪರವನ್ನು ಬಿಟ್ಟುಕೊಟ್ಟ. ಸುತ್ತಲ ಹಳ್ಳಿಯವರು ಮಂಡಿಗೆ ಒಯ್ಯುವ ಮೊದಲು ಕೊಬ್ಬರಿಯನ್ನು ಅವಳ ಮುಂದೆ ಸುರಿಯತೊಡಗಿದರು. ತಮ್ಮ ಮಾಲು ಏನೆಂದು ಮೊದಲೇ ಗೊತ್ತಿದ್ದರೆ ಮಂಡಿಯವನು ಒಂದನ್ನು ಎರಡು ಮಾಡಲಾರ ಎಂಬುದು ಅವರಿಗೂ ತಿಳಿಯಿತು. ಅಲ್ಲಿ ಅವಳು ಪ್ರತಿಯೊಂದು ಹೋಳನ್ನೂ ಮೂಸುತ್ತಿದ್ದಳು. ಮೂಸಬೇಕಾಗಿಲ್ಲದ್ದನ್ನೂ.

ಮಾಘದಲ್ಲೊಂದು ಬೆಳಿಗ್ಗೆ ಮರುಳಪ್ಪನ ಕಾರು ಬಂದು ಕಣದ ಮುಂದೆ ನಿಂತಿತು. ಅವನ ಕೈಯಲ್ಲಿ ಅರಿಶಿನ ಹಚ್ಚಿದ ಲಗ್ನಪತ್ರಿಕೆ.

"ಚೆನ್ನಾಗಿದೀರಾ ರುಕ್ಮಿಣಮ್ಮ?" ಎಂದ. ಇಪ್ಪತ್ತೇಳು ವರ್ಷದಲ್ಲಿ ಆ ಬಾಯಿಂದ ಬಹುವಚನ ಬಂದದ್ದು ಅದೇ ಮೊದಲು. "ಮಗಳ ಮದುವೆ. ಮಡಿಲು ತುಂಬೋಕೆ, ಮಿಠಾಯಿಗೆ, ಎರಡು ಮೂಟೆ ಒಳ್ಳೇ ಕೊಬ್ಬರಿ ಬೇಕು. ನೀವೇ ಆರಿಸಿ ಕೊಡ್ಬೇಕು."

"ಯಾಕೆ, ಯಂತ್ರಕ್ಕೆ ಜ್ವರವಾ?"

"ಅದು ವ್ಯಾಪಾರಕ್ಕೆ ಕಣಮ್ಮಾ." ಅವನು ಅತ್ತಿತ್ತ ನೋಡಿದ. "ಇದು ಮನೆಗೆ."

ಇಂಥ ಮಾತನ್ನು ಇಷ್ಟು ಸಲೀಸಾಗಿ ಹೇಳಬಲ್ಲವನಿಗೆ ಬೈದು ಪ್ರಯೋಜನವೇನು? ರುಕ್ಮಿಣಮ್ಮ ರಾಶಿಯ ಕಡೆ ಕೈ ತೋರಿಸಿದಳು. "ಕೂತ್ಕಳಿ. ನೀವೇ ಆರಿಸ್ಕಳಿ. ಮೂರು ತಲೆಮಾರಿನಿಂದ ಕೊಬ್ಬರಿ ಮಾರೋರು, ಗೊತ್ತಾಗಲ್ವಾ?"

ಬೇರೆ ದಾರಿ ಕಾಣದೆ ಮರುಳಪ್ಪ ಪಂಚೆ ಮೇಲಕ್ಕೆ ಕಟ್ಟಿ ನೆಲಕ್ಕೆ ಕುಕ್ಕರಗಾಲಲ್ಲಿ ಕುಳಿತ. ಕಾರಿನ ಡ್ರೈವರ್ ನಗು ಬಂದು ಬೇರೆ ಕಡೆ ತಿರುಗಿಕೊಂಡ. ಅರ್ಧ ಗಂಟೆ ಹುಡುಕಿ ಹುಡುಕಿ, ಬೆವರು ಸುರಿಸುತ್ತ, ಬೆಳ್ಳಗಿದ್ದದ್ದನ್ನೆಲ್ಲ ಗುಡ್ಡೆ ಮಾಡಿದ. ರುಕ್ಮಿಣಮ್ಮ ಬಂದು ಆ ಗುಡ್ಡೆಯ ಮೇಲೆ ಕೈಯಾಡಿಸಿ ಪಟಪಟನೆ ಇಪ್ಪತ್ತು ಹೋಳು ತೆಗೆದು ಆಚೆ ಎಸೆದಳು.

"ಇವೆಲ್ಲ ಕೌಟು."

"ಇಷ್ಟು ಬೆಳ್ಳಗಿವೆ?" ಮರುಳಪ್ಪ ಬೆಚ್ಚಿದ. "ಹೊಗೆ ಹಾಕವ್ರಾ ಇಲ್ಲೂ?"

"ನಮ್ ಕಣದಾಗೆ ಯಾರೂ ಹಾಕಲ್ಲ. ಇವು ತಮ್ಮಷ್ಟಕ್ಕೆ ತಾವೇ ಕೆಟ್ಟಿರೋವು. ಅದ್ರಲ್ಲೂ ಒಂದು ಮರ್ಯಾದೆ ಐತೆ."

ಮಿಕ್ಕದ್ದನ್ನು ಅವಳೇ ಆರಿಸಿ ಎರಡು ಮೂಟೆ ಕಟ್ಟಿಸಿದಳು. ಯಾಕೆ ಕೊಟ್ಟೆ ಎಂದು ಜವರಪ್ಪ ಆಮೇಲೆ ರೇಗಿದ. "ಉಣ್ಣೋ ಜನ ಏನ್ ಮಾಡವ್ರೆ? ಆ ಮದ್ವೆ ಹೆಣ್ಣು ಏನ್ ಮಾಡವ್ಳೆ?" ಎಂದಳು ರುಕ್ಮಿಣಮ್ಮ.

ಮದುವೆಗೂ ಹೋದಳು. ಅರಸೀಕೆರೆಯ ಛತ್ರದಲ್ಲಿ ಎರಡನೇ ಪಂಕ್ತಿಗೆ ಕುಳಿತು, ಕೊಬ್ಬರಿ ಮಿಠಾಯಿಯನ್ನು ಮೂಸಿ ನೋಡಿ, ಎರಡು ಸಲ ಹಾಕಿಸಿಕೊಂಡು ಉಂಡಳು. ಮರುಳಪ್ಪ ಜರತಾರಿ ಶಲ್ಯ ಹೊದ್ದು ಎಲೆಯ ಸಾಲಿನಲ್ಲಿ ಉಪಚಾರ ಹೇಳುತ್ತ ಬಂದವನು ಅವಳ ಮುಂದೆ ನಿಂತು, "ಊಟ ಹೆಂಗಿದೆ ರುಕ್ಮಿಣಮ್ಮ?" ಎಂದು ಕೇಳಿದ.

"ಕೊಬ್ಬರಿ ಚೆನ್ನಾಗೈತೆ" ಎಂದು ಹೇಳಿ, ಅವಳು ಮಜ್ಜಿಗೆಗೆ ಕೈಯೊಡ್ಡಿದಳು.